ಕಡಲ ಹೆಸರಿನ ರಕ್ತ

ಮೂರು ವರ್ಷಗಳ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ಕಾರವಾರದ ಒಂದು ಪ್ರಯೋಗಾಲಯದಿಂದ ಬಂದ ವರದಿಯಲ್ಲಿ ನನ್ನ ಹೆಸರಿನ ಕೆಳಗೆ 5.3 ಎಂಬ ಅಂಕಿ ಇತ್ತು. ನನ್ನ ರಕ್ತದ ಒಟ್ಟು ಹಿಮೋಗ್ಲೋಬಿನ್ನಿನಲ್ಲಿ ಎ2 ಎಂಬ ಬಗೆ ಶೇಕಡಾ ಅಷ್ಟಿದೆ ಎಂದು ಅದರ ಅರ್ಥ. ಸಾಮಾನ್ಯವಾಗಿ ಅದು ಶೇ. 3.5ರ ಒಳಗಿರುತ್ತದೆ. ಕೆಳಗೆ ಒಂದು ಸಾಲಿನಲ್ಲಿ, ಬೀಟಾ ಥಲಸೀಮಿಯಾ ವಾಹಕತ್ವಕ್ಕೆ ಹೊಂದುತ್ತದೆ ಎಂದು ಬರೆದಿತ್ತು. ಮೈಯಲ್ಲಿ ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ, ವಂಶದಲ್ಲಿ ಹರಿದು ಬರುವ ಕಾಯಿಲೆ ಅದು.

ಅದಕ್ಕೆ ಮೊದಲು ಸುಮಾರು ಹದಿನೈದು ವರ್ಷಗಳ ಕಾಲ ನನಗೆ ರಕ್ತ ಕಡಿಮೆ ಎಂದು ಹೇಳಿ ಕಬ್ಬಿಣದ ಮಾತ್ರೆಗಳನ್ನು ಕೊಡಲಾಗುತ್ತಿತ್ತು. ಕಾಲೇಜಿನ ದಿನಗಳಲ್ಲಿ, ಮದುವೆಯ ಮುಂಚೆ, ಬಾಣಂತನದ ನಂತರ, ಬೇರೆ ಬೇರೆ ವೈದ್ಯರು ಕೊಟ್ಟ ಚೀಟಿಗಳಲ್ಲಿ ಅದೇ ಮಾತ್ರೆ ಇರುತ್ತಿತ್ತು, ಆದರೆ ಹಿಮೋಗ್ಲೋಬಿನ್ ಮಾತ್ರ ಹತ್ತೂವರೆಯ ಆಸುಪಾಸು ಬಿಟ್ಟು ಮೇಲೇಳುತ್ತಿರಲಿಲ್ಲ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ ಎಂದು ಒಬ್ಬರು ಗದರಿಸಿದ್ದರು, ಸೊಪ್ಪು ತಿನ್ನುವುದಿಲ್ಲವೇ ಎಂದು ಇನ್ನೊಬ್ಬರು ಕೇಳಿದ್ದರು. ಕೊನೆಗೆ ಒಬ್ಬ ಯುವ ವೈದ್ಯೆ ನನ್ನ ಹಳೆಯ ವರದಿಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು, ಯಾರೂ ನೋಡದ ಎರಡು ಅಂಕಿಗಳ ಕೆಳಗೆ ಪೆನ್ನಿನಿಂದ ಗೆರೆ ಎಳೆದರು. ನನ್ನ ಕೆಂಪು ಕಣಗಳ ಸರಾಸರಿ ಗಾತ್ರ 64, ಎಂದರೆ ಬಹಳ ಚಿಕ್ಕದು. ಅವುಗಳ ಸಂಖ್ಯೆಯೋ ಪ್ರತಿ ಮೈಕ್ರೋಲೀಟರಿಗೆ 58 ಲಕ್ಷ (5.8 ದಶಲಕ್ಷ), ಎಂದರೆ ಕಡಿಮೆಯಂತೂ ಅಲ್ಲ. ಕಬ್ಬಿಣದ ಕೊರತೆಯಿದ್ದರೆ ಕಣಗಳು ಚಿಕ್ಕದಾಗುವುದರ ಜೊತೆಗೆ ಸಂಖ್ಯೆಯಲ್ಲೂ ಸಾಮಾನ್ಯವಾಗಿ ಇಳಿಯುತ್ತವೆ. 64ನ್ನು 5.8ರಿಂದ ಭಾಗಿಸಿ, 11 ಬಂತು ನೋಡಿ, ಹದಿಮೂರಕ್ಕಿಂತ ಕಡಿಮೆ ಬಂದರೆ ನಾವು ಬೇರೆಯದನ್ನು ಹುಡುಕಬೇಕು ಎಂದರು. ಒಂದು ಭಾಗಾಕಾರದಿಂದ ಗೊತ್ತಾಗಬಹುದಾಗಿದ್ದ ವಿಷಯಕ್ಕೆ ಹದಿನೈದು ವರ್ಷ ಹಿಡಿದಿತ್ತು.

ನಾನು ವೃತ್ತಿಯಲ್ಲಿ ಪದವಿಪೂರ್ವ ಕಾಲೇಜಿನ ಜೀವಶಾಸ್ತ್ರದ ಉಪನ್ಯಾಸಕಿ. ಓದಿದ್ದು ಕೋಡಿಬಾಗದಲ್ಲಿ, ಕಾಳಿ ನದಿ ಕಡಲಿಗೆ ಸೇರುವ ಜಾಗದ ಹತ್ತಿರವೇ ಇರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ. ಹಾಗಾಗಿ ಥಲಸೀಮಿಯಾ ಎಂಬ ಪದವನ್ನು ನೋಡಿದಾಗ ಮೊದಲು ನೆನಪಾದದ್ದು ಕಾಯಿಲೆಯಲ್ಲ, ಕಡಲು. ಗ್ರೀಕ್ ಭಾಷೆಯಲ್ಲಿ ಥಲಸ್ಸಾ ಎಂದರೆ ಸಮುದ್ರ, ಹೈಮಾ ಎಂದರೆ ರಕ್ತ. 1925ರಲ್ಲಿ ಥಾಮಸ್ ಕೂಲಿ ಎಂಬ ಅಮೆರಿಕದ ಮಕ್ಕಳ ವೈದ್ಯರು ಈ ಕಾಯಿಲೆಯನ್ನು ಮೊದಲು ವಿವರಿಸಿದರು. ಆಗ ಕಂಡುಬಂದ ಮಕ್ಕಳೆಲ್ಲ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಿಂದ ವಲಸೆ ಬಂದ ಮನೆಗಳವರಾಗಿದ್ದರಿಂದ, 1932ರಲ್ಲಿ ವಿಪಲ್ ಮತ್ತು ಬ್ರಾಡ್‌ಫರ್ಡ್ ಎಂಬ ವಿಜ್ಞಾನಿಗಳು ಅದಕ್ಕೆ ಕಡಲ ಹೆಸರನ್ನಿಟ್ಟರು. ಅದು ಆ ಒಂದು ಕಡಲಿಗೆ ಸೀಮಿತವಾದ ಕಾಯಿಲೆಯಲ್ಲ ಎಂದು ಆಮೇಲೆ ತಿಳಿಯಿತು. ಭಾರತದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ ಅದರ ವಾಹಕರಾಗಿದ್ದಾರೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು.

ಮನೆಗೆ ಬಂದು ಆಯಿಗೆ, ಎಂದರೆ ಅಮ್ಮನಿಗೆ, ಹೇಳಿದೆ. ವಾಹಕ ಎಂದರೆ ರೋಗಿಯಲ್ಲ, ನನಗೆ ಏನೂ ಆಗುವುದಿಲ್ಲ, ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಮಾತ್ರ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ ಇರುತ್ತದೆ, ನನ್ನ ಗಂಡನ ವರದಿ ಸರಿಯಾಗಿದೆ ಎಂದೆಲ್ಲ ವಿವರಿಸಿದೆ. ಆಯಿ ಬಳಚಿನ ಚಿಪ್ಪು ಬಿಡಿಸುತ್ತಿದ್ದ ಕೈಯನ್ನು ನಿಲ್ಲಿಸಿ, "ಯಾರ ಹತ್ರನೂ ಹೇಳೂಕೆ ಹೋಗ್ಬೇಡ ತಂಗಿ, ನಮ್ಮನೇಲಿ ರಕ್ತದ ದೋಷ ಅಂತ ಊರಿಡೀ ಆಗ್ತದೆ" ಎಂದಳು. ನನ್ನ ತಮ್ಮನ ಮದುವೆಯ ಮಾತುಕತೆ ಆಗ ನಡೆಯುತ್ತಿತ್ತು.

ರಕ್ತದ ದೋಷ ಎಂಬ ಆ ಮಾತು ಮನಸ್ಸಿನಿಂದ ಹೋಗಲೇ ಇಲ್ಲ. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ನನಗೆ ಸಿಕ್ಕವರು ಎಮಿಲ್ ಝುಕರ್‌ಕಾಂಡ್ಲ್. ಆ ಹೆಸರನ್ನು ಜೀವವಿಕಾಸದ ಪಾಠದಲ್ಲಿ ಕೇಳಿದ್ದೆ. ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ ಜೊತೆ ಸೇರಿ, ಜೀವಿಗಳ ಅಣುಗಳಲ್ಲಿನ ಬದಲಾವಣೆಗಳನ್ನು ಎಣಿಸಿ ಕಾಲ ಅಳೆಯುವ ಅಣುಗಡಿಯಾರದ ಕಲ್ಪನೆ ಕೊಟ್ಟವರು ಎಂದು ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಅವರು ವಿಜ್ಞಾನವನ್ನು ಶುರುಮಾಡಿದ್ದು ಕಡಲ ದಂಡೆಯಲ್ಲಿ, ಏಡಿಗಳ ರಕ್ತದಿಂದ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ.

ಝುಕರ್‌ಕಾಂಡ್ಲ್ ಹುಟ್ಟಿದ್ದು 1922ರಲ್ಲಿ ವಿಯೆನ್ನಾದಲ್ಲಿ, ಯಹೂದಿ ಮೂಲದ, ವಿದ್ಯಾವಂತರ ಮನೆತನದಲ್ಲಿ. ಅವರ ಅಜ್ಜ ಹೆಸರಾಂತ ಅಂಗರಚನಾ ಶಾಸ್ತ್ರಜ್ಞರು. 1938ರಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ನುಂಗಿದಾಗ ಈ ಹುಡುಗನಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಆ ಮನೆಯವರು ಪ್ಯಾರಿಸ್ಸಿಗೆ, ಅಲ್ಲಿಂದ ಅಲ್ಜಿಯರ್ಸ್‌ಗೆ ಓಡಿಹೋಗಬೇಕಾಯಿತು. ಜರ್ಮನ್ ರಕ್ತದ ರಕ್ಷಣೆಗೆಂದು 1935ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಕಾನೂನನ್ನೇ ಮಾಡಿದ್ದ ಆಡಳಿತ ಅದು; ಯಾರ ರಕ್ತ ಶುದ್ಧ, ಯಾರದು ಅಲ್ಲ ಎಂದು ಅಜ್ಜ ಅಜ್ಜಿಯರ ಪಟ್ಟಿ ನೋಡಿ ತೀರ್ಮಾನಿಸುತ್ತಿತ್ತು. ಹಾಗೆ ಊರು ಬಿಟ್ಟ ಹುಡುಗ ಮುಂದೆ ಬದುಕಿನ ಬಹುಭಾಗವನ್ನು ರಕ್ತದ ಅಣುಗಳನ್ನು ಓದುವುದರಲ್ಲಿ ಕಳೆದ ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಯುದ್ಧ ಮುಗಿದ ಮೇಲೆ ಅಮೆರಿಕದ ಇಲಿನಾಯ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದು, ಫ್ರಾನ್ಸಿಗೆ ಮರಳಿ, ಬ್ರಿಟನಿ ಕರಾವಳಿಯ ರೋಸ್ಕಾಫ್ ಎಂಬ ಊರಿನ ಕಡಲ ಸಂಶೋಧನಾ ಕೇಂದ್ರವನ್ನು ಸೇರಿದರು. ಆ ಕೇಂದ್ರ 1872ರಷ್ಟು ಹಳೆಯದು. ಅಲ್ಲಿ ಭರತ ಇಳಿತಗಳ ಅಂತರ ನಮ್ಮ ಕಡೆಗಿಂತ ಹಲವು ಪಟ್ಟು ಹೆಚ್ಚು. ಇಳಿತದ ಹೊತ್ತಿಗೆ ಬಂಡೆಗಳ ನಡುವೆ ಸಿಗುವ ಜೀವಿಗಳ ವೈವಿಧ್ಯದಿಂದಲೇ ಆ ಜಾಗಕ್ಕೆ ಪ್ರಾಣಿಶಾಸ್ತ್ರಜ್ಞರು ಮುಗಿಬೀಳುತ್ತಾರೆ. ಝುಕರ್‌ಕಾಂಡ್ಲ್ ಆರಿಸಿಕೊಂಡ ಪ್ರಶ್ನೆ, ಏಡಿಯಂಥ ಪ್ರಾಣಿಗಳು ಪೊರೆ ಬಿಡುವಾಗ ಅವುಗಳ ರಕ್ತದಲ್ಲಿನ ತಾಮ್ರಕ್ಕೆ ಏನಾಗುತ್ತದೆ ಎಂಬುದು.

ಏಡಿಯ ರಕ್ತದಲ್ಲಿ ತಾಮ್ರ ಎಂದರೆ ಓದುಗರಿಗೆ ವಿಚಿತ್ರ ಎನಿಸಬಹುದು. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹಿಡಿದೊಯ್ಯುವುದು ಹಿಮೋಗ್ಲೋಬಿನ್, ಅದರ ನಡುವೆ ಇರುವುದು ಕಬ್ಬಿಣ. ಏಡಿ, ಸೀಗಡಿಗಳಲ್ಲಿ ಆ ಕೆಲಸ ಮಾಡುವುದು ಹಿಮೋಸಯಾನಿನ್ ಎಂಬ ಬೇರೆಯೇ ಪ್ರೋಟೀನು; ಅದರಲ್ಲಿ ಆಮ್ಲಜನಕವು ಎರಡು ತಾಮ್ರದ ಪರಮಾಣುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಕೋಡಿಬಾಗದ ಪ್ರಯೋಗಾಲಯದಲ್ಲಿ ನಾವು ಅದನ್ನು ನೋಡಿದ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಾರುಕಟ್ಟೆಯಿಂದ ಜೀವಂತ ಏಡಿ ತಂದು, ಕಾಲು ಮೈಗೆ ಸೇರುವ ಸಂದಿನ ಮೆತ್ತಗಿನ ಪೊರೆಗೆ ಸೂಜಿ ಚುಚ್ಚಿ, ಅರ್ಧ ಮಿಲಿಲೀಟರಿನಷ್ಟು ದ್ರವವನ್ನು ಎಳೆದು, ಗಾಜಿನ ತಟ್ಟೆಗೆ ಬಿಟ್ಟೆವು. ಮೊದಲು ಅದು ಅಕ್ಕಿ ತೊಳೆದ ನೀರಿನ ಹಾಗೆ ಬಣ್ಣವಿಲ್ಲದೆ ಇತ್ತು. ತಟ್ಟೆಯನ್ನು ಮೆಲ್ಲನೆ ಅಲುಗಿಸುತ್ತ ಗಾಳಿಗೆ ಹಿಡಿದಾಗ ಅಂಚಿನಿಂದ ತೆಳುವಾದ ನೀಲಿ ಹಬ್ಬಿತು, ಬಿಳಿ ಬಟ್ಟೆಗೆ ನೀಲಿ ಹಾಕುವಾಗ ಬಕೆಟ್ಟಿನಲ್ಲಿ ಮೊದಲ ಹನಿ ಕರಗುವ ಹಾಗೆ. ಸ್ವಲ್ಪ ಹೊತ್ತಿಗೆ ಅದು ಹೆಪ್ಪುಗಟ್ಟಿ ಗಾಜಿಗೆ ಅಂಟಿಕೊಂಡಿತು.

ನಮಗೆ ಏಡಿ ಕೊಡುತ್ತಿದ್ದ ಹೆಂಗಸು ಪ್ರತಿ ಏಡಿಯ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಆರಿಸುತ್ತಿದ್ದಳು. ಒತ್ತಿದರೆ ಒಳಗೆ ಹೋಗುವುದು ಟೊಳ್ಳು, ಪೊರೆ ಬಿಟ್ಟು ಹೆಚ್ಚು ದಿನ ಆಗಿಲ್ಲ, ಒಳಗೆ ಬರೀ ನೀರು ಎಂದು ಪಕ್ಕಕ್ಕೆ ಎಸೆಯುತ್ತಿದ್ದಳು. ಅವಳು ಹೇಳುತ್ತಿದ್ದುದು ಅಕ್ಷರಶಃ ನಿಜ. ಪೊರೆ ಕಳಚಿದ ಏಡಿ ನೀರು ಕುಡಿದು ಉಬ್ಬುತ್ತದೆ, ಆ ಉಬ್ಬಿದ ಮೈಯ ಅಳತೆಗೆ ಹೊಸ ಚಿಪ್ಪು ಗಟ್ಟಿಯಾಗುತ್ತದೆ, ಅಷ್ಟರಲ್ಲಿ ರಕ್ತ ತೆಳುವಾಗಿರುತ್ತದೆ. ಆಮೇಲೆ ಹಿಮೋಸಯಾನಿನ್ ಮತ್ತೆ ತುಂಬಿಕೊಳ್ಳಬೇಕು, ಅದಕ್ಕೆ ಬೇಕಾದ ತಾಮ್ರವನ್ನು ಏಡಿ ತನ್ನ ಜೀರ್ಣಗ್ರಂಥಿಯಲ್ಲಿ ಕೂಡಿಟ್ಟುಕೊಂಡಿರುತ್ತದೆ. ರೋಸ್ಕಾಫ್‌ನಲ್ಲಿ ಝುಕರ್‌ಕಾಂಡ್ಲ್ ವರ್ಷಗಟ್ಟಲೆ ಅಳೆದದ್ದು ಇದನ್ನೇ. ರಕ್ತವೆಂದರೆ ಒಂದೇ ಸಮನೆ ಇರುವ ವಸ್ತುವಲ್ಲ, ಅದು ಜೀವಿಯ ಹಿಂದಿನ ದಿನಗಳ ಗುರುತನ್ನು ಇಟ್ಟುಕೊಂಡಿರುತ್ತದೆ ಎಂಬ ತಿಳಿವು ಅವರಿಗೆ ಅಲ್ಲೇ ಬಂದಿರಬೇಕು ಎಂದು ನನ್ನ ಊಹೆ.

1957ರಲ್ಲಿ ಅವರು ಪ್ಯಾರಿಸ್ಸಿನಲ್ಲಿ ಲೈನಸ್ ಪಾಲಿಂಗ್ ಅವರನ್ನು ಭೇಟಿಯಾದರು. ಪಾಲಿಂಗ್ ಆಗಲೇ ರಸಾಯನಶಾಸ್ತ್ರದ ನೊಬೆಲ್ ಪಡೆದಿದ್ದವರು. 1949ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಕುಡಗೋಲು ಕಣ ರಕ್ತಹೀನತೆಯವರ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ವೇಗದಲ್ಲಿ ಚಲಿಸುತ್ತದೆ ಎಂದು ತೋರಿಸಿ, ಇದು ಅಣುವಿನ ಕಾಯಿಲೆ ಎಂದು ಕರೆದಿದ್ದರು. ಒಂದು ಕಾಯಿಲೆಯ ಮೂಲವನ್ನು ಒಂದು ಅಣುವಿನಲ್ಲಿ ಗುರುತಿಸಿದ್ದು ಅದೇ ಮೊದಲು. ಕೆಲವೇ ವರ್ಷಗಳಲ್ಲಿ ಕೇಂಬ್ರಿಜ್‌ನಲ್ಲಿ ವರ್ನನ್ ಇನ್‌ಗ್ರಾಮ್ ಆ ವ್ಯತ್ಯಾಸ ಎಲ್ಲಿದೆ ಎಂದು ಕಂಡುಹಿಡಿದರು: ಹಿಮೋಗ್ಲೋಬಿನ್ನನ್ನು ಕಟ್ಟುವ ಆಲ್ಫಾ, ಬೀಟಾ ಎಂಬ ಎರಡು ಬಗೆಯ ಸರಪಳಿಗಳಲ್ಲಿ, ಬೀಟಾ ಸರಪಳಿಯ ಕೊಂಡಿಗಳಾದ 146 ಅಮೈನೋ ಆಮ್ಲಗಳ ಪೈಕಿ ಆರನೆಯದು ಮಾತ್ರ ಬದಲಾಗಿತ್ತು, ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲಿನ್ ಇತ್ತು. ಆ ಒಂದು ಬದಲಾವಣೆಯಿಂದ, ಆಮ್ಲಜನಕ ಕಡಿಮೆಯಾದಾಗ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗಿ, ದುಂಡಗಿನ ಕಣ ಕುಡಗೋಲಿನ ಆಕಾರಕ್ಕೆ ಬಾಗುತ್ತದೆ.

1959ರಲ್ಲಿ ಝುಕರ್‌ಕಾಂಡ್ಲ್ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ಗೆ ಹೋದರು. ಏಡಿಯ ತಾಮ್ರದ ಪ್ರೋಟೀನುಗಳನ್ನೇ ಮುಂದುವರಿಸುವ ಇಚ್ಛೆ ಅವರಿಗಿತ್ತು. ಪಾಲಿಂಗ್ ಮಾತ್ರ ಹಿಮೋಗ್ಲೋಬಿನ್ನಿನ ವಿಕಾಸವನ್ನು ನೋಡಿ ಎಂದು ಸಲಹೆ ಕೊಟ್ಟರು. ಇನ್‌ಗ್ರಾಮ್ ಅವರು ರೋಗಿಯ ರಕ್ತವನ್ನು ಆರೋಗ್ಯವಂತರ ರಕ್ತದೊಂದಿಗೆ ಹೋಲಿಸಲು ಬಳಸಿದ ವಿಧಾನವನ್ನೇ ಝುಕರ್‌ಕಾಂಡ್ಲ್, ರಿಚರ್ಡ್ ಜೋನ್ಸ್ ಎಂಬ ವಿದ್ಯಾರ್ಥಿಯ ಜೊತೆ ಸೇರಿ, ಒಂದು ಪ್ರಾಣಿಯ ರಕ್ತವನ್ನು ಇನ್ನೊಂದರದ್ದಕ್ಕೆ ಹೋಲಿಸಲು ಬಳಸಿದರು. ಹಿಮೋಗ್ಲೋಬಿನ್ನನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡರಿಸಬೇಕು. ಅದು ಎಲ್ಲೆಂದರಲ್ಲಿ ಕತ್ತರಿಸದೆ ಲೈಸಿನ್ ಮತ್ತು ಆರ್ಜಿನಿನ್ ಬಂದ ಕಡೆ ಮಾತ್ರ ಕತ್ತರಿಸುತ್ತದೆ. ಆ ತುಂಡುಗಳ ಮಿಶ್ರಣದ ಒಂದು ಹನಿಯನ್ನು ದೊಡ್ಡ ಸೋಸುಕಾಗದದ ಮೂಲೆಗೆ ಇಟ್ಟು, ಒಂದು ದಿಕ್ಕಿಗೆ ವಿದ್ಯುತ್ತಿನಿಂದಲೂ ಅದಕ್ಕೆ ಅಡ್ಡಲಾಗಿ ದ್ರಾವಕದಿಂದಲೂ ಹರಿಸಿ, ಒಣಗಿಸಿ, ನಿನ್‌ಹೈಡ್ರಿನ್ ಸಿಂಪಡಿಸಿದರೆ ಕಾಗದದ ಮೇಲೆ ನೇರಳೆ ಚುಕ್ಕಿಗಳು ಮೂಡುತ್ತವೆ. ಪ್ರತಿ ಪ್ರೋಟೀನಿಗೂ ಅದರದ್ದೇ ಚುಕ್ಕಿಗಳ ವಿನ್ಯಾಸ.

ನಿನ್‌ಹೈಡ್ರಿನ್ ಕೆಲಸ ಮಾಡಿದವರಿಗೆ ಆ ನೇರಳೆ ಗೊತ್ತು. ಸಿಂಪಡಿಸಿದಾಗ ಕಾಗದ ಬರಿದಾಗಿಯೇ ಕಾಣುತ್ತದೆ, ಒಲೆಯಲ್ಲಿ ಬಿಸಿ ತಾಗಿದ ಮೇಲೆ ಒಂದೊಂದೇ ಚುಕ್ಕಿ ಮೇಲೆದ್ದು ಬರುತ್ತದೆ, ಅಂಗಳದ ಸಗಣಿ ಸಾರಿಸಿದ ನೆಲ ಒಣಗುತ್ತ ಬಂದಂತೆ ರಂಗೋಲಿಯ ಚುಕ್ಕಿಗಳು ಬೆಳ್ಳಗೆ ಕಾಣುವ ಹಾಗೆ. ಕೈಗವಸು ಹಾಕದಿದ್ದರೆ ಬೆರಳ ತುದಿಯ ಗುರುತೂ ಕಾಗದದ ಮೇಲೆ ನೇರಳೆಯಾಗಿ ಮೂಡುತ್ತದೆ, ನಮ್ಮ ಬೆವರಿನಲ್ಲೂ ಅಮೈನೋ ಆಮ್ಲಗಳಿರುವುದರಿಂದ. ನಾನು ಮೊದಲ ಸಲ ಮಾಡಿದ ಹಾಳೆಯಲ್ಲಿ ಚುಕ್ಕಿಗಳ ಪಕ್ಕದಲ್ಲಿ ನನ್ನ ಹೆಬ್ಬೆಟ್ಟು ಸ್ಪಷ್ಟವಾಗಿತ್ತು.

1960ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಗೊರಿಲ್ಲಾ, ಚಿಂಪಾಂಜಿ, ಹಸು, ಹಂದಿಗಳ ಜೊತೆಗೆ ಮೀನುಗಳ ರಕ್ತವೂ ಇತ್ತು. ನಮ್ಮಲ್ಲಿ ಮೋರಿ ಎಂದು ಕರೆಯುವ ಶಾರ್ಕಿನ ರಕ್ತ, ಕಡಲ ಕೆಸರಿನಲ್ಲಿ ಬಿಲ ಮಾಡಿಕೊಂಡಿರುವ, ಕೆಂಪು ರಕ್ತದ ಒಂದು ಹುಳುವಿನ ರಕ್ತ ಕೂಡ ಇತ್ತು. ಕಡಲ ಕೇಂದ್ರದಿಂದ ಬಂದವರಲ್ಲದಿದ್ದರೆ ಆ ಹುಳುವನ್ನು ಯಾರೂ ಆರಿಸಿಕೊಳ್ಳುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಫಲಿತಾಂಶ ಹೀಗಿತ್ತು: ಗೊರಿಲ್ಲಾ ಮತ್ತು ಚಿಂಪಾಂಜಿಯ ಚುಕ್ಕಿಗಳನ್ನು ಮನುಷ್ಯನವುಗಳಿಂದ ಬೇರೆ ಮಾಡಿ ಹೇಳುವುದೇ ಕಷ್ಟ, ಹಸು ಮತ್ತು ಹಂದಿಯವು ಸ್ವಲ್ಪ ಬೇರೆ, ಮೀನುಗಳವು ಇನ್ನೂ ಬೇರೆ. ಪ್ರಾಣಿಗಳ ನೆಂಟಸ್ತಿಕೆ ದೂರವಾದಷ್ಟೂ ರಕ್ತದ ವಿನ್ಯಾಸವೂ ದೂರವಾಗುತ್ತಿತ್ತು.

ಅಲ್ಲಿಂದ ಎರಡು ವರ್ಷಗಳಲ್ಲಿ ಅವರೂ ಪಾಲಿಂಗ್ ಅವರೂ ಸೇರಿ ಬರೆದ ಪ್ರಬಂಧದಲ್ಲಿ ಒಂದು ಲೆಕ್ಕ ಬರುತ್ತದೆ. ಅದನ್ನು ನಾನು ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಮಾಡಿ ತೋರಿಸುತ್ತೇನೆ. ಮನುಷ್ಯನ ಮತ್ತು ಕುದುರೆಯ ಹಿಮೋಗ್ಲೋಬಿನ್ನಿನ ಆಲ್ಫಾ ಸರಪಳಿಗಳ ನಡುವೆ ಸುಮಾರು 18 ವ್ಯತ್ಯಾಸಗಳಿವೆ. ಎರಡು ಕವಲುಗಳಿಗೂ ಸಮನಾಗಿ ಹಂಚಿದರೆ ಒಂದೊಂದಕ್ಕೆ ಒಂಬತ್ತು. ಎರಡಕ್ಕೂ ಸಮಾನ ಪೂರ್ವಜ ಬದುಕಿದ್ದು 10ರಿಂದ 16 ಕೋಟಿ ವರ್ಷಗಳ ಹಿಂದೆ ಎಂದು ಅಂದಿನ ಪಳೆಯುಳಿಕೆ ತಜ್ಞರು ಎಣಿಸಿದ್ದರು, ನಡುವಿನದು 13 ಕೋಟಿ. ಒಂಬತ್ತರಿಂದ ಭಾಗಿಸಿದರೆ ಹೆಚ್ಚು ಕಡಿಮೆ 1.45 ಕೋಟಿ ವರ್ಷಕ್ಕೆ ಒಂದು ಬದಲಾವಣೆ. ಈ ಗತಿಯನ್ನು ಹಿಡಿದುಕೊಂಡು ಅವರು ಗೊರಿಲ್ಲಾ ಮತ್ತು ಮನುಷ್ಯ ಬೇರೆಯಾದದ್ದು ಸುಮಾರು 1.1 ಕೋಟಿ ವರ್ಷಗಳ ಹಿಂದೆ ಎಂದು ಲೆಕ್ಕ ಹಾಕಿದರು. ಇಂದು ಕೊಡುವ ಅಂದಾಜುಗಳು ಅದಕ್ಕಿಂತ ಬಹಳ ದೂರವೇನೂ ಇಲ್ಲ. ಗಡಿಯಾರ ಎಲ್ಲ ಅಣುಗಳಲ್ಲೂ ಎಲ್ಲ ಕಾಲದಲ್ಲೂ ಒಂದೇ ವೇಗದಲ್ಲಿ ಓಡುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು, ಅದನ್ನು ತಿದ್ದಿಕೊಂಡು ಓದುವ ಗಣಿತವೂ ಬೆಳೆಯಿತು. ಆದರೆ ಬದುಕಿರುವ ಜೀವಿಯ ಒಂದು ಹನಿ ರಕ್ತದಿಂದ ಕಳೆದುಹೋದ ಕಾಲವನ್ನು ಅಳೆಯಬಹುದು ಎಂಬ ಮಾತನ್ನು ಅದಕ್ಕೆ ಮೊದಲು ಯಾರೂ ಅಷ್ಟು ಧೈರ್ಯದಿಂದ ಲೆಕ್ಕ ಹಾಕಿ ಹೇಳಿರಲಿಲ್ಲ.

1962ರಲ್ಲೇ ಆಸ್ಟ್ರಿಯಾದ ಬುರ್ಗ್ ವಾರ್ಟನ್‌ಸ್ಟೈನ್ ಎಂಬ ಕೋಟೆಯಲ್ಲಿ ಮಾನವ ವಿಕಾಸದ ಬಗ್ಗೆ ಒಂದು ಸಭೆ ನಡೆಯಿತು. ತನ್ನನ್ನು ಹೊರಗಟ್ಟಿದ್ದ ನಾಡಿಗೆ ಝುಕರ್‌ಕಾಂಡ್ಲ್ ಮರಳಿ ಬಂದು, ಅಲ್ಲಿ ತಮ್ಮ ಗೊರಿಲ್ಲಾ ರಕ್ತದ ಫಲಿತಾಂಶವನ್ನು ಮಂಡಿಸಿದರು. ಗೊರಿಲ್ಲಾದ ಬೀಟಾ ಸರಪಳಿಗೂ ನಮ್ಮದಕ್ಕೂ ಇರುವುದು ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ. ಹಿಮೋಗ್ಲೋಬಿನ್ನಿನ ಕಡೆಯಿಂದ ನೋಡಿದರೆ ಗೊರಿಲ್ಲಾ ಎಂದರೆ ಸ್ವಲ್ಪ ಅಸಹಜನಾದ ಮನುಷ್ಯ, ಇಲ್ಲವೇ ಮನುಷ್ಯ ಎಂದರೆ ಸ್ವಲ್ಪ ಅಸಹಜವಾದ ಗೊರಿಲ್ಲಾ, ಎರಡೂ ಸೇರಿ ಒಂದೇ ಜನಸಮೂಹ ಎಂಬ ಅರ್ಥದ ಮಾತನ್ನು ಅವರು ಹೇಳಿದರು. ಜಾರ್ಜ್ ಸಿಂಪ್ಸನ್, ಅರ್ನ್ಸ್ಟ್ ಮಾಯರ್ ಅವರಂಥ ಹಿರಿಯ ಜೀವವಿಕಾಸ ತಜ್ಞರಿಗೆ ಈ ಬಗೆಯ ವಾದ ಹಿಡಿಸಲಿಲ್ಲ, ಇಡೀ ಪ್ರಾಣಿಯನ್ನು ಬಿಟ್ಟು ಒಂದು ಅಣುವನ್ನು ಹಿಡಿದು ನೆಂಟಸ್ತಿಕೆ ತೀರ್ಮಾನಿಸುವುದು ತಪ್ಪು ಎಂದರು. ಅವರ ಆಕ್ಷೇಪದಲ್ಲಿ ಹುರುಳಿತ್ತು. ಆದರೂ ಆ ಗೊರಿಲ್ಲಾದ ಮಾತು ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಕಾರಣಕ್ಕೆ.

ಕುಡಗೋಲು ಕಣದ ಕಾಯಿಲೆಯವರ ಬೀಟಾ ಸರಪಳಿ ಮಿಕ್ಕವರದಕ್ಕಿಂತ ಒಂದು ಅಕ್ಷರ, ಎಂದರೆ ಒಂದು ಅಮೈನೋ ಆಮ್ಲ, ಬೇರೆ. ಗೊರಿಲ್ಲಾದ್ದೂ ಒಂದು ಅಕ್ಷರ ಬೇರೆ. ಒಂದು ಕಡೆ ಆ ಒಂದು ಅಕ್ಷರ ಮೂಳೆ ಸಂದುಗಳಲ್ಲಿ ತಡೆಯಲಾಗದ ನೋವಾಗಿ ಬರುತ್ತದೆ, ಇನ್ನೊಂದು ಕಡೆ ಅದು ಕಾಡಿನಲ್ಲಿ ಆರೋಗ್ಯವಾಗಿ ಓಡಾಡುವ ಪ್ರಾಣಿಯೊಂದರ ಸಹಜ ರಕ್ತ. ಬದಲಾವಣೆಯ ಬಗೆ ಎರಡರಲ್ಲೂ ಒಂದೇ. ಅದು ಯಾವ ಜಾಗದಲ್ಲಿ ಆಯಿತು, ಸುತ್ತಲಿನ ಅಣುಗಳ ಜೊತೆ ಹೇಗೆ ಹೊಂದಿಕೊಂಡಿತು ಎಂಬುದರ ಮೇಲೆ ಉಳಿದದ್ದು ನಿಂತಿದೆ. ಆ 1962ರ ಪ್ರಬಂಧದ ಶೀರ್ಷಿಕೆಯಲ್ಲೇ ಅಣುವಿನ ಕಾಯಿಲೆ ಮತ್ತು ವಿಕಾಸ ಅಕ್ಕಪಕ್ಕದಲ್ಲಿ ಕೂತಿವೆ. ಜೀವವೆನ್ನುವುದು ಯಾವುದೋ ಒಂದು ಅಣುವಿನ ಗುಣವಲ್ಲ, ಅಣುಗಳ ನಡುವಿನ ಸಂಬಂಧ, ಹಾಗೆಯೇ ಕಾಯಿಲೆಯೂ ಸಂಬಂಧವೇ ಎಂದು ಅವರು ಅದರಲ್ಲಿ ಹೇಳುತ್ತಾರೆ. ಆಯಿ ಹೇಳಿದ ದೋಷ ಎಂಬ ಮಾತಿಗೆ ನಾನು ಹುಡುಕುತ್ತಿದ್ದ ಉತ್ತರ ಅಲ್ಲಿತ್ತು. ನನ್ನ ವರದಿಯ 5.3 ಎಂಬುದು ನನ್ನೊಳಗಿನ ಕೊಳೆಯಲ್ಲ. ಅದು ಯಾವುದೋ ಕಾಲದಲ್ಲಿ, ಯಾವುದೋ ಊರಿನಲ್ಲಿ, ಯಾರೋ ಪೂರ್ವಜರಲ್ಲಿ ಆದ ಒಂದು ಸಣ್ಣ ಬದಲಾವಣೆ, ನೂರಾರು ತಲೆಮಾರು ದಾಟಿ ನನ್ನವರೆಗೆ ಬಂದದ್ದು.

ಹಾಗೆ ಬಂದು ಉಳಿಯಲು ಕಾರಣವೂ ಇದೆ. ಮುಂದೆ ಭಾರತಕ್ಕೆ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಬ್ರಿಟಿಷ್ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್, ಥಲಸೀಮಿಯಾ ವಾಹಕರಿಗೆ ಮಲೇರಿಯಾದಿಂದ ಏನಾದರೂ ರಕ್ಷಣೆ ಇರಬಹುದೇ ಎಂಬ ಊಹೆಯನ್ನು 1949ರಲ್ಲಿ ಮುಂದಿಟ್ಟರು. 1954ರಲ್ಲಿ ಆಂಟನಿ ಅಲಿಸನ್ ಪೂರ್ವ ಆಫ್ರಿಕಾದಲ್ಲಿ ಕುಡಗೋಲು ಕಣದ ವಾಹಕರ ವಿಷಯದಲ್ಲಿ ಅಂಥದ್ದೇ ರಕ್ಷಣೆಯನ್ನು ತೋರಿಸಿದರು. ಎರಡು ಕಡೆಯಿಂದಲೂ ಬಂದರೆ ಮಗುವಿಗೆ ಮಾರಕ, ಒಂದು ಕಡೆಯಿಂದ ಬಂದರೆ ಚಳಿಜ್ವರದ ಊರಿನಲ್ಲಿ ಬದುಕಿ ಉಳಿಯಲು ಆಸರೆ.

ಚಳಿಜ್ವರದ ಊರು ಎಂದರೆ ನಮ್ಮ ಜಿಲ್ಲೆಗಿಂತ ಬೇರೆ ಉದಾಹರಣೆ ಬೇಕಿಲ್ಲ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಊರುಗಳು ಮಲೇರಿಯಾಕ್ಕೆ ಜನ ಸತ್ತು, ಉಳಿದವರು ಬಿಟ್ಟು ಹೋಗಿ ಬರಿದಾದ ಕಥೆ ಹಳಬರಿಗೆಲ್ಲ ಗೊತ್ತು. 1940ರ ದಶಕದ ನಡುವಿನಲ್ಲಿ ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಆಗಿನ ಮುಂಬಯಿ ಪ್ರಾಂತದ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಮನೆ ಗೋಡೆಗಳಿಗೆ ಡಿಡಿಟಿ ಹೊಡೆಯುವ ದೊಡ್ಡ ಪ್ರಯೋಗ ನಡೆದದ್ದು ಇದೇ ಕಾರಣಕ್ಕೆ. ನನ್ನ ಅಪ್ಪನ ತಾಯಿ ಸಿದ್ದಾಪುರದ ಕಡೆಯವರು. ಅವರ ಅಣ್ಣ ತಮ್ಮಂದಿರಲ್ಲಿ ಮೂವರು ಜ್ವರಕ್ಕೆ ಹೋದರಂತೆ. ಜ್ವರಗಡ್ಡೆ ಬೆಳೆದ ಮಕ್ಕಳ ಹೊಟ್ಟೆ ಮಡಕೆಯ ಹಾಗೆ ಉಬ್ಬಿರುತ್ತಿತ್ತು, ಮದ್ದು ಎಂದರೆ ಕೊಯಿನಾ (ಕ್ವಿನೈನ್) ಒಂದೇ, ಅದರ ಕಹಿ ಮಾರನೆಯ ದಿನದವರೆಗೂ ನಾಲಿಗೆಯಿಂದ ಹೋಗುತ್ತಿರಲಿಲ್ಲ ಎಂದು ಅವರು ಹೇಳುತ್ತಿದ್ದುದು ನೆನಪಿದೆ. ತನಗೆ ಮಾತ್ರ ಜ್ವರ ಬಂದರೂ ಹೆಚ್ಚು ದಿನ ಇರುತ್ತಿರಲಿಲ್ಲ ಎಂದೂ ಅನ್ನುತ್ತಿದ್ದರು. ಅದಕ್ಕೂ ರಕ್ತದ ಆ ಸಣ್ಣ ಬದಲಾವಣೆಗೂ ಸಂಬಂಧ ಇತ್ತು ಎಂದು ನಾನು ಸಾಧಿಸಲಾರೆ. ಆದರೆ ಆ ಮಾತು ಈಗ ನನಗೆ ಬೇರೆಯಾಗಿ ಕೇಳಿಸುತ್ತದೆ.

ಒಂದು ವಿಷಯವನ್ನು ಇಲ್ಲಿ ಬಿಟ್ಟುಬಿಡುವುದು ಸರಿಯಲ್ಲ. ಇದೇ ಪಾಲಿಂಗ್ 1968ರಲ್ಲಿ, ಇಂಥ ಕಾಯಿಲೆಗಳ ವಾಹಕರಾದ ಯುವಕ ಯುವತಿಯರ ಹಣೆಯ ಮೇಲೆ ಹಚ್ಚೆಯ ಗುರುತು ಹಾಕಬೇಕು, ಆಗ ಇಬ್ಬರು ವಾಹಕರು ಒಬ್ಬರನ್ನೊಬ್ಬರು ಮೆಚ್ಚಿಕೊಳ್ಳುವುದು ತಪ್ಪುತ್ತದೆ ಎಂದು ಬರೆದರು. ಮಕ್ಕಳ ನೋವು ತಪ್ಪಿಸಬೇಕೆಂಬ ಕಳಕಳಿಯಿಂದಲೇ ಅದನ್ನು ಬರೆದಿದ್ದರು ಎಂಬುದನ್ನು ಒಪ್ಪಿಕೊಂಡರೂ ನಾನು ಅದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟೆ. ಯಾರ ಹತ್ತಿರವೂ ಹೇಳಬೇಡ ಎಂಬ ಆಯಿಯ ಭಯ ಹುಟ್ಟುವುದು ಇಂಥ ಹಣೆಯ ಗುರುತಿನ ಭಯದಿಂದಲೇ. ಗುರುತು ಹಾಕದೆಯೇ ಕೆಲಸ ಆಗುತ್ತದೆ ಎಂಬುದನ್ನು ಸೈಪ್ರಸ್ ಮತ್ತು ಸಾರ್ಡಿನಿಯಾ ತೋರಿಸಿಕೊಟ್ಟಿವೆ. ಅಲ್ಲಿ 1970ರ ದಶಕದಿಂದ ಜನರಿಗೆ ತಿಳಿಹೇಳಿ, ಪರೀಕ್ಷೆ ಮಾಡಿ, ದಂಪತಿಗಳಿಗೆ ಸಲಹೆ ಕೊಟ್ಟು, ಥಲಸೀಮಿಯಾ ಮೇಜರ್, ಎಂದರೆ ತಂದೆ ತಾಯಿ ಎರಡೂ ಕಡೆಯಿಂದ ಬಂದ ತೀವ್ರ ಕಾಯಿಲೆ, ಇರುವ ಮಕ್ಕಳ ಹುಟ್ಟನ್ನು ಬಹುಮಟ್ಟಿಗೆ ತಡೆಯಲಾಗಿದೆ. ನಮ್ಮಲ್ಲಿ 2023ರಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ (ಕುಡಗೋಲು ಕಣ) ನಿರ್ಮೂಲನ ಅಭಿಯಾನ 2047ರ ಗುರಿ ಇಟ್ಟುಕೊಂಡು ಬುಡಕಟ್ಟು ಪ್ರದೇಶಗಳಲ್ಲಿ ತಪಾಸಣೆ ಮಾಡುತ್ತಿದೆ. ಥಲಸೀಮಿಯಾಕ್ಕೂ ಬಸುರಿಯ ಮೊದಲ ತಿಂಗಳುಗಳ ರಕ್ತಪರೀಕ್ಷೆಯಲ್ಲೇ ಒಂದು ಕಣ್ಣು ಇಟ್ಟರೆ ಸಾಕು: ಕಣ ಚಿಕ್ಕದು, ಸಂಖ್ಯೆ ಹೆಚ್ಚು ಎಂದು ಕಂಡಲ್ಲಿ ಎ2 ನೋಡಬೇಕು, ಅದು ಹೆಚ್ಚಿದ್ದರೆ ಗಂಡನ ರಕ್ತವನ್ನೂ ನೋಡಬೇಕು.

ಮೇಜರ್ ಎಂದರೇನು ಎಂದು ನೋಡಿದವರಿಗೆ ಇದರ ತುರ್ತು ಹೇಳಬೇಕಿಲ್ಲ. ಒಂದು ವಯಸ್ಸು ತುಂಬುವ ಮೊದಲೋ ಆಮೇಲೋ ಮಗು ಬಿಳಿಚಿಕೊಳ್ಳುತ್ತದೆ, ಅಲ್ಲಿಂದ ಮುಂದೆ ಎರಡರಿಂದ ಐದು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು, ಹಾಗೆ ಏರಿಸಿದ ರಕ್ತದಲ್ಲಿನ ಕಬ್ಬಿಣ ಹೃದಯ ಮತ್ತು ಯಕೃತ್ತಿನಲ್ಲಿ ಕೂಡುತ್ತ ಹೋಗದಂತೆ ಅದನ್ನು ಹೊರಹಾಕುವ ಔಷಧಿಯನ್ನು ಪ್ರತಿದಿನ ಕೊಡಬೇಕು. ಘಟ್ಟದ ಒಳಗಿನ ಹಳ್ಳಿಯಿಂದ ಅಂಥ ಮಗುವನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೊರಟ ಒಬ್ಬ ತಾಯಿಯ ಪಕ್ಕದಲ್ಲಿ ನಾನು ಒಮ್ಮೆ ಕೂತಿದ್ದೆ. ಮಗು ಕಿಟಕಿಯಿಂದ ಹೊರಗೆ ನೋಡುತ್ತ ದಾರಿಯ ಊರುಗಳ ಹೆಸರನ್ನು ಒಂದೂ ತಪ್ಪದೆ ಮುಂಚಿತವಾಗಿ ಹೇಳುತ್ತಿತ್ತು.

ತಮ್ಮನ ಪರೀಕ್ಷೆಯನ್ನೂ ಮಾಡಿಸಿದೆವು. ಅವನೂ ವಾಹಕ. ಮದುವೆಯ ಮಾತು ಮುಂದುವರಿಯುವ ಮೊದಲು ಅವನೇ ಹುಡುಗಿಯ ಹತ್ತಿರ ನೇರವಾಗಿ ಹೇಳಿದ, ಅವಳು ಮರುದಿನವೇ ಹೋಗಿ ರಕ್ತ ಕೊಟ್ಟು ಬಂದಳು. ಅವಳದು 2.6 ಬಂತು. ಇಬ್ಬರೂ ಈಗ ಅಂಕೋಲೆಯಲ್ಲಿದ್ದಾರೆ.

ಎಲ್ಲರದೂ ಆದ ಮೇಲೆ ಆಯಿ ಒಂದು ದಿನ ತಾನಾಗಿ, ನನ್ನದೂ ನೋಡಿಸು ಎಂದಳು. ಇಷ್ಟು ದಿನ ಅವಳ ಮನಸ್ಸಿನಲ್ಲಿ ಇದೆಲ್ಲ ತನ್ನಿಂದ ಬಂದದ್ದು ಎಂಬ ಕೊರಗಿತ್ತೆಂದು ನನಗೆ ಆಗಲೇ ಹೊಳೆದದ್ದು. ವರದಿ ಬಂದಾಗ ಅವಳ ಎ2 2.4 ಇತ್ತು, ಕಣಗಳ ಗಾತ್ರವೂ ಸರಿಯಾಗಿತ್ತು. ಹಾಗಾದರೆ ಎಂದು ಅವಳು ನನ್ನ ಮುಖ ನೋಡಿದಳು. ಅಪ್ಪ ತೀರಿಕೊಂಡು ಆಗ ಹನ್ನೊಂದು ವರ್ಷ. ಅವರ ಮುಖದ ಬಿಳಿಚು, ಬೇಸಿಗೆ ಬಂತೆಂದರೆ ಹತ್ತಿಪ್ಪತ್ತು ಮೆಟ್ಟಿಲಿಗೇ ಏದುಸಿರು, ಕಪಾಟಿನಲ್ಲಿ ಸಾಲಾಗಿ ಇರುತ್ತಿದ್ದ ಕಬ್ಬಿಣದ ಟಾನಿಕ್ಕಿನ ಬಾಟಲಿಗಳು ಇಬ್ಬರಿಗೂ ಒಟ್ಟಿಗೇ ನೆನಪಾದವು.

"ಇವು ಅವರದ್ದಾ?" ಎಂದು ಆಯಿ ಕೇಳಿದಳು.

"ಹೌದು ಆಯಿ, ಅಪ್ಪನದೇ. ಅವರಿಗೆ ಅಜ್ಜಿಯಿಂದಲೋ ಅಜ್ಜನಿಂದಲೋ ಬಂದಿರ್ಬೇಕು."

"ನಿನ್ನಲ್ಲಿ ಎಷ್ಟಂತೆ?"

5.3 ಎಂದೆ. ತಮ್ಮನದು 5.1 ಎಂದೂ ಹೇಳಿದೆ. ಅವಳು ಎರಡೂ ಅಂಕಿಗಳನ್ನು ಒಮ್ಮೆ ತನ್ನಷ್ಟಕ್ಕೆ ಹೇಳಿಕೊಂಡು, ನಮ್ಮಿಬ್ಬರ ವರದಿಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ, ಟ್ರಂಕಿನಲ್ಲಿ ಅಪ್ಪನ ಪಿಂಚಣಿ ಪುಸ್ತಕ ಇರುವ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟಳು.